ಟೆಸ್‌ಗೆ ಬರುತ್ತಿದ್ದ ಕಥೆಗಳು

ಟೆಸ್ ಎರೆಹುಳುವನ್ನು ಮುಟ್ಟುತ್ತಿದ್ದಳೇ? ಮುಟ್ಟುವುದಿರಲಿ, ಮಳೆ ನಿಂತ ಮೇಲೆ ಅಂಗಳ ದಾಟಲೂ ಅವಳಿಗೆ ಅಪ್ಪನ ಹೆಗಲು ಬೇಕಿತ್ತು. ಫೋನಿಗೆ ಬಂದ ಕಥೆ ಬೇರೆಯದನ್ನೇ ಹೇಳುತ್ತಿತ್ತು. ‘ಪ್ರೀತಿಯ ಟೆಸ್, ಇವತ್ತು ನೀನು ಎರೆಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಹಾಡು ಹೇಳಿದೆ. ಅದು ಮಲಗಿದೆ, ಸುಮ್ಮನಿರಿ ಎಂದು ನಮ್ಮನ್ನೆಲ್ಲ ಗದರಿದೆ.’

ನ್ಯೂಜಿಲೆಂಡಿನ ಪೊರಿರುವಾದ ಶಿಶುವಿಹಾರದ ಗೇಟಿನ ಹೊರಗೆ ನಿಂತು ಅವಳ ಅಪ್ಪ ಗ್ರಾಂಟ್ ಅದನ್ನು ಮತ್ತೆ ಓದಿದ. ಫೋಟೊದಲ್ಲಿ ಬಗ್ಗಿದ ಬೆನ್ನು, ಹಳದಿ ಟೋಪಿ, ಅದರ ಮೇಲೆ ಅವನೇ ಬರೆದ ಹೆಸರು. ಮುಖ ಕಾಣುತ್ತಿರಲಿಲ್ಲ.

ಇಲ್ಲಿನ ಟೀಚರುಗಳು ಮಗುವಿನ ಬಗ್ಗೆ ವರದಿ ಬರೆಯುವುದಿಲ್ಲ. ಮಗುವಿಗೇ ಪತ್ರದಂತೆ ಕಥೆ ಬರೆಯುತ್ತಾರೆ. ಈ ವರ್ಷದಿಂದ ಅದನ್ನು ಎಐ ಮಾಡುತ್ತಿತ್ತು. ಹೇನಿ ಟೀಚರ್ ಫೋಟೊ ತೆಗೆದು, ನಡೆದದ್ದನ್ನು ಎರಡು ಮಾತಿನಲ್ಲಿ ಹೇಳುವಳು. ಉಳಿದದ್ದನ್ನು ಅದು ಹೆಣೆಯುತ್ತಿತ್ತು. ಸಂಜೆ ಅವಳು ಮೇಲೆ ಮೇಲೆ ಕಣ್ಣಾಡಿಸಿ ಎಲ್ಲವನ್ನೂ ಒಟ್ಟಿಗೆ ಕಳುಹಿಸುತ್ತಿದ್ದಳು. ಮಕ್ಕಳ ಮುಖ ಗುರುತಿಸುವುದು ಬೇಡವೆಂದು ಹೆತ್ತವರು ಪಟ್ಟು ಹಿಡಿದಿದ್ದರಿಂದ ಎಐ ಟೋಪಿಯ ಮೇಲಿನ ಹೆಸರು ಓದುತ್ತಿತ್ತು. ಬಿಸಿಲಿನಲ್ಲಿ ಟೋಪಿಯಿಲ್ಲದ ಮಗುವನ್ನು ಇಲ್ಲಿ ಆಟಕ್ಕೆ ಬಿಡುವುದಿಲ್ಲ. ಕೆಲಸ ಬಿಟ್ಟುಹೋದ ಹಳೆಯ ಟೀಚರುಗಳು ಹೋದ ವರ್ಷವೇ ತುಂಬಿಸಿಟ್ಟ ಮಕ್ಕಳ ಹೆಸರು, ಮನೆಯ ನಂಬರುಗಳು ಅದರೊಳಗೆ ಹಾಗೆಯೇ ಇದ್ದವು.

ಹೇನಿ ಗೇಟು ತೆರೆದಳು. "ನಿಮ್ಮನೆಗೆ ಕಥೆಗಳು ಸರಿಯಾಗಿ ಬರ್ತಿವೆಯಾ, ಗ್ರಾಂಟ್? ತಪ್ಪೇನಾದ್ರೂ ಇದ್ರೆ ಹೇಳಿ. ಅದೂ ಹೊಸದು, ನಾನೂ ಹೊಸಬಳು."

"ಚೆನ್ನಾಗಿ ಬರ್ತಿವೆ."

ತಪ್ಪಿದೆ ಎಂದರೆ ಸಾಕು, ಟೆಸ್ ಹೆಸರಿನ ಕಥೆಗಳು ನಿಂತುಹೋಗುತ್ತವೆ. ಅದು ಅವನಿಗೆ ಗೊತ್ತಿತ್ತು.

ಪಕ್ಕದಲ್ಲಿದ್ದ ಸಮೋವಾದ ಅಜ್ಜಿ ಫಿಲೊ ಮೂತಿ ತಿರುವಿದಳು. ಮೊಮ್ಮಗಳು ಮಲಿಯಾಳನ್ನು ಕರೆದುಕೊಂಡು ಈಚೆಗಷ್ಟೇ ಈ ಊರಿಗೆ ಬಂದವಳು.

"ನಿನಗೇನು ಮಗಾ, ದಿನಾ ಬರುತ್ತೆ. ನನ್ನ ಮೊಮ್ಮಗಳೇನು ಗಾಳಿಯಾ? ಆ ಯಂತ್ರದ ಕಣ್ಣಿಗೇ ಬೀಳಲ್ಲ."

ಮಲಿಯಾಳ ತಾಯಿ ಇನ್ನೂ ವೀಸಾ ಸಿಗದೆ ಸಮೋವಾದ ಆಪಿಯಾದಲ್ಲೇ ಇದ್ದಳು. ಸಂಜೆಯಾದರೆ ಫೋನ್ ಹಿಡಿದು ಕೂರುತ್ತಾಳಂತೆ, ಮಗು ಏನು ಮಾಡಿತು ಎಂದು ಕೇಳುತ್ತಾಳಂತೆ. ಫಿಲೊ ಏನಾದರೊಂದು ಕಟ್ಟಿ ಹೇಳುತ್ತಾಳೆ.

"ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿದೆ," ಎಂದಳು ಅಜ್ಜಿ.

ಎಲ್ಲಿ ತಪ್ಪಿದೆಯೋ ಹುಡುಕಿಸುತ್ತೇನೆ ಎಂದು ಹೇನಿ ಸಂಕೋಚದಿಂದ ಒಳಗೆ ಹೋದಳು. ಗ್ರಾಂಟ್ ಫೋನನ್ನು ಜೇಬಿಗಿಳಿಸಿದ.

ಮಲಿಯಾ ಓಡಿ ಬಂದಳು. ಕೈತುಂಬ ಮಣ್ಣು, ತಲೆಯ ಮೇಲೆ ಹಳದಿ ಟೋಪಿ.

"ತೆಗಿ ಅಂದ್ರೆ ತೆಗೆಯಲ್ಲ ನೋಡು," ಎಂದಳು ಫಿಲೊ. "ನಮ್ಮದು ಕಳೆದುಹೋಯ್ತು. ಇದು ಟೋಪಿಯಿಲ್ಲದ ಮಕ್ಕಳಿಗೆ ಇಟ್ಟ ಬುಟ್ಟೀದು. ಮೇಲಿರೋ ಹೆಸರು ಯಾರದ್ದೋ ಏನೋ."

ಗ್ರಾಂಟ್‌ಗೆ ಆಶ್ಚರ್ಯವಾಗಲಿಲ್ಲ. ಆ ಟೋಪಿಯನ್ನು ಬುಟ್ಟಿಗೆ ಹಾಕಿದವನು ಅವನೇ.

"ಅವಳಿಗೆ ಒಪ್ಪುತ್ತೆ," ಎಂದ.

ಒಳಗಿಂದ ಪುಟ್ಟ ಹುಡುಗನೊಬ್ಬ ತಪ್ಪು ಹೆಜ್ಜೆ ಹಾಕುತ್ತ ಬಂದು ಅವನ ಮೊಣಕಾಲು ತಬ್ಬಿದ. ಗ್ರಾಂಟ್ ಮಗನನ್ನು ಎತ್ತಿಕೊಂಡ. ಬೇರೆ ಯಾರಿಗೂ ಕಾಯದೆ ಕಾರಿನತ್ತ ನಡೆದ.

ಟೆಸ್ ಕ್ರಿಸ್‌ಮಸ್‌ಗೆ ಮೊದಲೇ ತೀರಿಕೊಂಡಳು ಎಂದು ಅವನು ಹೇನಿಗೆ ಹೇಳಲೇ ಇಲ್ಲ.