ಮಲಗಿದ್ದವನ ಮನೆ

ಸೋಮಪ್ಪ ಮಲಗಿದ್ದಾಗಲೇ ಅವನ ಮನೆ ನೋಡಲು ಜನ ಬಂದರು. ರಾತ್ರಿ ಪಾಳಿ ಮುಗಿಸಿ ಬಂದವನು ನಡುಮನೆಯಲ್ಲಿ ಕೌದಿ ಹಾಸಿಕೊಂಡು ಒರಗಿದ್ದ; ಬಾಗಿಲಿಗೆ ಅಗಳಿ ಹಾಕುವುದನ್ನೂ ಮರೆತಿದ್ದ. ಮನೆಯೊಡತಿ ಗೋದುಬಾಯಿ ಮೆಲ್ಲಗೆ ಕದ ತಳ್ಳಿ, ತುಟಿಯ ಮೇಲೆ ಬೆರಳಿಟ್ಟು, ಹಿಂದಿದ್ದ ಗಂಡಹೆಂಡಿರನ್ನು ಒಳಗೆ ಕರೆದಳು.

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಕೆಲಸ ಸಿಕ್ಕಷ್ಟು ಸುಲಭವಾಗಿ ಮನೆ ಸಿಗುತ್ತಿರಲಿಲ್ಲ. ಬೈಲಹೊಂಗಲದ ಕಡೆಯಿಂದ ಕೆಲಸಕ್ಕೆ ಬಂದ ಈ ಗಂಡಹೆಂಡಿರು, ಲಗಮಪ್ಪ ಮತ್ತು ಶಿವವ್ವ, ಯಾರದೋ ಪಡಸಾಲೆಯಲ್ಲಿ ದಿನ ದೂಡುತ್ತಿದ್ದರು.

“ಇವನ ಹೆಂಡ್ತಿ ಮಾಲವ್ವ ಮುಂಡಗೋಡದ ತವರಿಗೆ ಹೋದಾಕಿ ತಿರುಗಿ ಬರಲಿಲ್ಲ,” ಗೋದುಬಾಯಿ ಪಿಸುಗುಟ್ಟಿದಳು. “ಇದು ಸಂಸಾರಸ್ಥರ ಓಣಿ. ಒಂಟಿ ಗಂಡಸಿಗೆ ಹೆಂಗ ಕೊಡ್ಲಿ? ಉಗಾದಿಗೆ ಮನಿ ಬಿಡು ಅಂತ ಹೇಳೀನಿ. ಅಡಗಿಮನಿ ನೋಡು ಹೋಗವಾ, ಒಲಿ ಚಲೋ ಐತಿ.”

ಶಿವವ್ವ ಮಲಗಿದ್ದವನ ಕಾಲಬದಿಯಿಂದ ಸುತ್ತಿಕೊಂಡು ಅಡುಗೆಮನೆಗೆ ಹೋದಳು. ಮಾಡಿನ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ಸಾವಕಾಶ ತೇಲುತ್ತಿತ್ತು. ತಣ್ಣಗಿದ್ದ ಒಲೆಯನ್ನು ಮುಟ್ಟಿ ನೋಡಿದಳು, ಒಂದು ಡಬ್ಬಿಯನ್ನು ತೆರೆದು ಮುಚ್ಚಿದಳು. ಬಳೆಗಳ ಸದ್ದಾಯಿತು.

ಆ ಸದ್ದು ಸೋಮಪ್ಪನ ನಿದ್ದೆಯೊಳಗೆ ಇಳಿಯಿತು. ಅಲ್ಲಿ ಅವನು ಬಿದಿರುಮೆಳೆಗಳ ನಡುವೆ ನಡೆಯುತ್ತಿದ್ದ. ಕಾಲಕೆಳಗಿನ ನೆಲ ತೊಯ್ದ ಕಾಗದದಂತೆ ಮೆತ್ತಗಿತ್ತು. ಮೆಳೆಯಾಚೆ ಯಾರೋ ಅಡುಗೆ ಮಾಡುತ್ತಿದ್ದರು. ಕಣ್ಣು ಅರೆ ತೆರೆದಾಗ ಬಿಸಿಲುಕೋಲಿನ ಆಚೆ ಇಳಕಲ್ ಸೀರೆಯ ಸೆರಗು ಕಂಡಿತು.

“ಮಾಲೀ, ಬಂದಿ?” ಎಂದ.

ಶಿವವ್ವ ನಿಂತಲ್ಲೇ ನಿಂತಳು. ಗೋದುಬಾಯಿ ಬೇಡವೆಂದು ಕೈಯಾಡಿಸಿದಳು. ಆದರೆ ಆ ದನಿಗೆ ಉತ್ತರ ಕೊಡದೆ ಇರಲು ಶಿವವ್ವನಿಗೆ ಆಗಲಿಲ್ಲ.

“ಹೂಂ,” ಎಂದಳು.

“ಕೂಸಿನ್ನ ಮಣ್ಣಿಗಿಟ್ಟ ದಿನ ನಾ ಪಾಳಿಗೆ ಹೋದೆ ಅಂತ ನಿನಗ ಸಿಟ್ಟು.” ಅವನ ಮಾತು ನೀರೊಳಗಿನಿಂದ ಬಂದಂತಿತ್ತು. “ನಾ ಪಾಳಿಗೆ ಹೋಗಿರಲಿಲ್ಲ, ಮಾಲಿ. ಹೊಳಿ ದಂಡಿ ಮ್ಯಾಲ ಕುಂತಿದ್ದೆ. ಬೆಳಕ ಹರಿಯೂತನಕ ಕುಂತಿದ್ದೆ. ನಿನ್ನ ಮುಂದ ಅಳಾಕ ಆಗಲಿಲ್ಲ ನನಗ.”

ಅಷ್ಟು ಹೇಳಿ ಮಗ್ಗಲು ಬದಲಿಸಿದ. ಉಸಿರು ಮತ್ತೆ ಉದ್ದವಾಯಿತು.

ಹೊರಗೆ ಬಂದ ಮೇಲೆ ಲಗಮಪ್ಪ, “ಮನಿ ಚಲೋ ಐತಿ, ಬಾವೀನೂ ಹತ್ರ ಐತಿ,” ಎಂದ.

“ಈ ಮನಿ ಬ್ಯಾಡ್ರಿ,” ಎಂದಳು ಶಿವವ್ವ.

“ಮತ್ತ ಎಲ್ಲಿ ಇರೂದು?”

“ಇನ್ನೂ ನಾಕು ದಿನ ಪಡಸಾಲ್ಯಾಗ ಮಲಗೂಣು. ಈ ಮನ್ಯಾಗ ಆಕಿ ಇನ್ನೂ ಅದಾಳ್ರಿ.” ಆಮೇಲೆ ಗೋದುಬಾಯಿಯ ಕಡೆ ತಿರುಗಿದಳು. “ಎದ್ದ ಮ್ಯಾಲ ಅವರಿಗೆ ಹೇಳ್ರಿ ಬಾಯಾರ, ಕೇಳಿದಾಕಿ ನಾನು ಅಂತ. ಕೇಳಬೇಕಾದಾಕಿಗೆ ಆ ಮಾತು ಮುಟ್ಟಿಲ್ಲ.”

ಸೋಮಪ್ಪ ಎದ್ದಾಗ ಹೊತ್ತು ಇಳಿದಿತ್ತು. ಎಷ್ಟೋ ತಿಂಗಳಿಂದ ಇಲ್ಲದಷ್ಟು ಎದೆ ಹಗುರಾಗಿತ್ತು. ಅಡುಗೆಮನೆಯ ಕಡೆ ಮುಖಮಾಡಿ “ಮಾಲೀ” ಎಂದು ಕರೆದ. ಯಾರೂ ಓಗೊಡಲಿಲ್ಲ. ಹೊರಗೆ ಬಂದಾಗ, ಕಟ್ಟೆಯ ಮೇಲೆ ಕುಳಿತಿದ್ದ ಗೋದುಬಾಯಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

“ಆಕಿ ಹೂಂ ಅಂದ್ಲಲ್ರಿ,” ಎಂದ ಸೋಮಪ್ಪ.

“ಹೂಂ ಅಂದಾಕಿ ಬ್ಯಾರೆಯಾಕಿ, ತಮ್ಮಾ. ಉಗಾದಿ ಮಾತು ಬಿಡು ಈಗ. ಮೊದಲ ಮುಂಡಗೋಡಕ್ಕ ಹೋಗಿ ಬಾ.”

ಮರುದಿನ ಪಾಳಿ ಮುಗಿದೊಡನೆ ಮನೆಗೆ ಹೋಗದೆ ಬಸ್ ಹತ್ತಿದ. ಹಳಿಯಾಳದಲ್ಲಿ ಇಳಿದು ಇನ್ನೊಂದು ಬಸ್ ಹಿಡಿದ. ಎಲೆ ಉದುರಿದ ಸಾಗವಾನಿ ಮರಗಳು ಎರಡೂ ಬದಿಗೆ ಹಿಂದೆ ಹಿಂದೆ ಸರಿದವು. ನಿದ್ದೆ ಎಚ್ಚರಗಳ ನಡುವೆ ಅವನು ಹೇಳಬೇಕಾದ ಮಾತನ್ನು ಜೋಡಿಸುತ್ತ ಹೋದ. ಒಂದೊಂದು ತಿರುವಿಗೂ ಒಂದಿಷ್ಟು ಮಾತು ಕಳೆದುಹೋಗುತ್ತಿತ್ತು.

ನಡುಮಧ್ಯಾಹ್ನ ಮಾಲವ್ವ ತವರುಮನೆಯ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಳು. ಅವನನ್ನು ನೋಡಿ ಏಳಲಿಲ್ಲ, ಬಾ ಎನ್ನಲೂ ಇಲ್ಲ. ಅವಳ ತಾಯಿ ಒಂದು ತಂಬಿಗೆ ನೀರು ತಂದಿಟ್ಟು ಒಳಗೆ ಹೋದಳು. ಸೋಮಪ್ಪ ನೀರು ಮುಟ್ಟಲಿಲ್ಲ. ಜೋಡಿಸಿಕೊಂಡು ಬಂದದ್ದು ಒಂದೂ ನಾಲಿಗೆಗೆ ಬರಲಿಲ್ಲ. ಬಿಸಿಲಲ್ಲಿ ನಿಂತು, ಕಣ್ಣು ತೆರೆದುಕೊಂಡೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಮಾಲವ್ವನ ಕೈ ನಿಂತಿತು. ಬಿಸಿಲಿನ ಝಳಕ್ಕೆ ಹಿತ್ತಲ ಬೇಲಿ ಅಲುಗಾಡುವಂತೆ ಕಾಣುತ್ತಿತ್ತು. ಅವಳು ತಲೆಯೆತ್ತಿ ಗಂಡನ ಮುಖ ನೋಡಿದಳು.

“ಛಟ್ಟಿ ಅಮಾಸಿ ಹೊತ್ತಿನ ಥಂಡಿ ಅದು,” ಎಂದಳು ಮೆಲ್ಲಗೆ. “ಹೊಳಿ ದಂಡಿ ಮ್ಯಾಲ ಕುಂತಾಗ ಮೈಮ್ಯಾಲ ಏನರ ಹೊದ್ದುಕೊಂಡಿದ್ರಿ, ಇಲ್ಲ?”