ಕಾಶ್ಯಪ ಗೋತ್ರದ ಹಾಲ್ವರ್

ನಿಖಿತಾಳ ದನಿ ದೇವಸ್ಥಾನದ ಕೆರೆ ಮೆಟ್ಟಿಲಿನಿಂದ ಭೋಜನಶಾಲೆಯವರೆಗೂ ಕೇಳಿತು. ಪಾನಕ ಕುಡಿಯುತ್ತಿದ್ದ ಸೋದರಮಾವ ಚಂದ್ರ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದ. ಹೆಣ್ಣು ನೋಡುವ ಶಾಸ್ತ್ರ ಚೆಂದವಾಗಿಯೇ ಮುಗಿದಿತ್ತು, ಜಾತಕ ಮೊದಲೇ ಕೂಡಿತ್ತು. ಹುಡುಗ ಹುಡುಗಿ ಒಂಚೂರು ಮಾತಾಡಿಕೊಳ್ಳಲಿ ಅಂತ ಇಬ್ಬರನ್ನೂ ಕೆರೆ ಕಡೆ ಕಳಿಸಿದ್ದವನು ಅವನೇ. ಮಾತು ಇಷ್ಟು ಗಟ್ಟಿಯಾಗಿ ಆಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ನಿಖಿತಾ ಯಡ್ತರೆಯವಳು, ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಮಾವ ತಂದ ಗಂಡುಗಳಲ್ಲಿ ಒಬ್ಬ ತನ್ನ ಕಾರಿನ ಮೈಲೇಜ್ ಬಿಟ್ಟು ಬೇರೆ ಸುದ್ದಿಯೇ ತೆಗೆಯಲಿಲ್ಲ, ಇನ್ನೊಬ್ಬ ಬಾಯನ್ನೇ ತೆರೆಯಲಿಲ್ಲ ಅಂತ ಬೇಡ ಅಂದಿದ್ದಳು. ಈ ಸಲ ಬಂದವನು ಬಾರ್ಕೂರಿನ ಯೋಗೀಶ. ಹಡಗಿನಲ್ಲಿ ಅಡುಗೆಯವನಾಗಿ ದೇಶ ಸುತ್ತಿ ಬಂದು ಈಗ ಊರಲ್ಲೇ ಕ್ಯಾಟರಿಂಗ್ ಇಟ್ಟುಕೊಂಡವನು. ಇದೂ ತಪ್ಪಿದರೆ ಇನ್ನು ಗಂಡು ಹುಡುಕಲು ನನ್ನನ್ನು ಕರೆಯಬೇಡಿ ಅಂತ ಚಂದ್ರ ಅಕ್ಕನಿಗೆ ಹೇಳಿಯಾಗಿತ್ತು.

ಓಡಿ ಹೋಗಿ ನೋಡಿದರೆ ಜಗಳ ಅಮೆರಿಕದ ಫುಟ್ಬಾಲಿನ ಮೇಲೆ. ಇಬ್ಬರಿಗೂ ಅದರ ಹುಚ್ಚು. ಇವನಿಗೆ ಹಡಗಿನಲ್ಲಿ ಹಿಡಿದದ್ದು, ಅವಳಿಗೆ ಮೊಬೈಲಿನಲ್ಲಿ. ಆ ಆಟದಲ್ಲಿ ಟೈಟ್ ಎಂಡ್ ಅಂತ ಒಬ್ಬ ಇರುತ್ತಾನಂತೆ. ಸಾಲಿನ ತುದಿಯಲ್ಲಿ ನಿಂತು ನುಗ್ಗಿ ಬರುವವರನ್ನು ಗೋಡೆಯ ಹಾಗೆ ತಡೆಯಬೇಕು, ಸಮಯ ಬಂದರೆ ಓಡಿ ಹೋಗಿ ಚೆಂಡನ್ನೂ ಹಿಡಿಯಬೇಕು. ಈ ವರ್ಷ ಕಾಲೇಜು ಮುಗಿಸಿ ದೊಡ್ಡ ತಂಡಗಳಿಗೆ ಹೊರಟ ಅಂಥ ಹುಡುಗರಲ್ಲಿ ಹಾಲ್ವರ್ ಮೇಲೋ ಬ್ರಾಂಡ್ಲಿ ಮೇಲೋ ಅನ್ನುವುದೇ ತಕರಾರು. ಹಾಲ್ವರನ ಕೈಗೆ ಬಂದ ಚೆಂಡು ಅಂಟು ಹಾಕಿದ ಹಾಗೆ ನಿಲ್ಲುತ್ತದೆ ಅಂತ ಯೋಗೀಶ. ಚೆಂಡು ಹಿಡಿಯಲು ಬೇರೆ ಜನ ಇದ್ದಾರೆ, ಮೈಮೇಲೆ ಬಂದವನನ್ನು ತಡೆಯಲು ಬ್ರಾಂಡ್ಲಿಯೇ ಬೇಕು, ಹಾಲ್ವರನನ್ನು ನಮ್ಮ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳು ದೂಡಿ ಹಾಕುತ್ತಾರೆ ಅಂತ ನಿಖಿತಾ.

"ಮದಿ ಮಾತ್ ಆಡಿ ಅಂದ್ ಕಳ್ಸಿರೆ ಇದೆಂತ ಮಾರಾಯ್ತಿ?" ಅಂದ ಚಂದ್ರ.

"ಇದ್ ತೀರ್ಮಾನ ಆಗ್ದೆ ಮದಿ ಮಾತೇ ಬ್ಯಾಡ ಮಾವ," ಅಂದಳು ನಿಖಿತಾ. ಯೋಗೀಶನೂ ಅದೊಂದು ಮಾತಿಗೆ ಮಾತ್ರ ತಲೆ ಆಡಿಸಿದ.

ಅಷ್ಟರಲ್ಲಿ ಯೋಗೀಶನ ತಾಯಿ ಪದ್ದಕ್ಕ ಸೀರೆ ನೆರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದು ಬಂದರು. ಮೊಬೈಲಿನಲ್ಲಿ ಇಬ್ಬರ ಫೋಟೋವನ್ನೂ ನೋಡಿದರು. ಹಾಲ್ವರನಿಗೆ ಮನೆಯಲ್ಲಿ ಸರಿಯಾಗಿ ಬಡಿಸುವವರಿಲ್ಲ, ಬ್ರಾಂಡ್ಲಿಗೆ ಕುತ್ತಿಗೆಯೇ ಇಲ್ಲ ಅಂತ ಇಬ್ಬರಲ್ಲೂ ಒಂದೊಂದು ಕೊರತೆ ಹುಡುಕಿದರು. ಆಮೇಲೆ ಆ ಕೆಲಸ ಏನು ಅಂತ ಮಗನ ಬಾಯಿಂದ ಪೂರ್ತಿ ಕೇಳಿ, "ನೂಕುಕೆ ಬಂದವ್ರನ್ನ ತಡಿಕ್, ಎಸ್ದದ್ದನ್ನ ಹಿಡಿಕ್. ಇದ್ ನಮ್ಮನಿ ಸೊಸೆಯಕ್ಳ ಕೆಲ್ಸವೇ ಅಲ್ದಾ?" ಅಂದರು. ನಿಖಿತಾಳಿಗೆ ನಗು ಬಂದದ್ದನ್ನು ಚಂದ್ರ ನೋಡಿದ. ಸಣ್ಣ ಆಸೆ ಹುಟ್ಟಿತು. ಆದರೆ ಅವಳು ತಕ್ಷಣ, ಅದಕ್ಕೇ ಅತ್ತೆ ನಾನು ಬ್ರಾಂಡ್ಲಿ ಅನ್ನುವುದು ಅಂತ ಮತ್ತೆ ಶುರು ಮಾಡಿದಳು.

ಇನ್ನು ದೇವರೇ ಗತಿ ಅಂತ ಚಂದ್ರ ಎಲ್ಲರನ್ನೂ ಗರ್ಭಗುಡಿ ಎದುರಿಗೆ ಹೊರಡಿಸಿದ. ಮದುವೆಗೆ ಹೂ ಕೇಳಲು ಭಟ್ಟರಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದ. ದೇವರ ಮೈಮೇಲೆ ಇಟ್ಟ ಹೂವಿನಲ್ಲಿ ಯಾವುದು ಮೊದಲು ಬೀಳುತ್ತದೋ ಅದೇ ಅಪ್ಪಣೆ, ಅದಕ್ಕೆ ಎದುರಾಡುವವರು ಈ ಸೀಮೆಯಲ್ಲಿಲ್ಲ. ಆದರೆ ಮೊದಲು ಫುಟ್ಬಾಲಿನದ್ದು, ಆಮೇಲೆ ಮದುವೆಯದ್ದು ಅಂತ ನಿಖಿತಾ ಹಟ ಹಿಡಿದಳು.

ರಾಘವೇಂದ್ರ ಭಟ್ಟರು ವಿಷಯ ಕೇಳಿ ಗಾಬರಿಯಾಗಲಿಲ್ಲ. ಆಟಗಾರರ ಹೆಸರು ಕೇಳಿದರು, ಇವರು ಹೇಳಿದರು. ನಕ್ಷತ್ರ ಕೇಳಿದರು. ಯೋಗೀಶ ಮೊಬೈಲಿನಲ್ಲಿ ಇಬ್ಬರದ್ದೂ ಹುಟ್ಟಿದ ತಾರೀಕು ತೆಗೆದುಕೊಟ್ಟ, ಅದು ಸಾಕು ಅಂದರು. ಗೋತ್ರ ಕೇಳಿದಾಗ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಂಡರು.

"ಗೋತ್ರ ಗೊತ್ತಿಲ್ದವ್ರೆಲ್ಲ ಕಾಶ್ಯಪ ಗೋತ್ರವೇ. ಅಮೆರಿಕದವ್ರ್ ಆರೆ ಎಂತ?" ಅಂದರು ಭಟ್ಟರು.

ಹಾಗಾದರೆ ಇಬ್ಬರೂ ಅಣ್ಣ ತಮ್ಮ ಆದರಲ್ಲ, ಅವರ ನಡುವೆ ನಾವು ಯಾಕೆ ಬಾಯಿ ಹಾಕುವುದು ಅಂತ ಚಂದ್ರ ಕಡೆಯ ಪ್ರಯತ್ನ ಮಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಶ್ಯಪಗೋತ್ರೋತ್ಪನ್ನಸ್ಯ ಹಾಲ್ವರ್ ನಾಮಧೇಯಸ್ಯ ಅಂತ ಸಂಕಲ್ಪ ಮಾಡಿ ಭಟ್ಟರು ದೇವರ ಬಲಭುಜಕ್ಕೆ ಬಿಳಿ ನಂದಿಬಟ್ಟಲು ಹೂ ಇಟ್ಟರು. ಬ್ರಾಂಡ್ಲಿಯ ಹೆಸರಲ್ಲಿ ಎಡಕ್ಕೆ ಕೆಂಪು ಕೇಪಳದ ಹೂ. ಪದ್ದಕ್ಕ ಕಣ್ಣು ಮುಚ್ಚಿ ಕೈ ಮುಗಿದರು. ಯಾರಿಗಾಗಿ ಅಂತ ಅವರಿಗೇ ಗೊತ್ತಿರಲಿಲ್ಲ.

ನಂದಿಬಟ್ಟಲು ಜಾರಿ ಬಿತ್ತು.

ಆಯ್ತು, ಈ ಸಂಬಂಧವೂ ಕೆರೆಗೆ ಬಿತ್ತು ಅಂದುಕೊಂಡ ಚಂದ್ರ. ನಿಖಿತಾ ದೇವರನ್ನೇ ತುಂಬ ಹೊತ್ತು ದಿಟ್ಟಿಸಿ ನೋಡಿ, "ದೇವ್ರ್ ಬ್ರಾಂಡ್ಲಿ ವಿಡಿಯೋ ಕಾಣ್ಲಿಲ್ಲ," ಅಂದಳು. ಗೆದ್ದ ಯೋಗೀಶ ಹಿಗ್ಗಲಿಲ್ಲ. ಬ್ರಾಂಡ್ಲಿಯೇ ಮೇಲಾಗಿಬಿಟ್ಟಾನು ಅಂತ ತನಗೂ ಒಳಗೊಳಗೆ ಸ್ವಲ್ಪ ಹೆದರಿಕೆ ಇದೆ, ಸೆಪ್ಟೆಂಬರಿನಲ್ಲಿ ಆಟ ಶುರುವಾದ ಮೇಲೆ ಒಟ್ಟಿಗೆ ಕೂತು ನೋಡಿದರೆ ಗೊತ್ತಾಗುತ್ತದೆ ಅಂದ. ಅವಳು, ಟಿವಿ ದೊಡ್ಡದು ಬೇಕು ಅಂದಳು. ಅವನು, ಇದೆ ಅಂದ.

ಭಟ್ಟರು ಬಿದ್ದ ಹೂ ತೆಗೆದಿಟ್ಟು, ಹರಿವಾಣದಿಂದ ಹೊಸ ಹೂ ಆರಿಸಿಕೊಂಡರು. "ಇನ್ನ್ ಮದಿ ವಿಷ್ಯ ಕೇಂಬುದಾ?"

"ಅದ್ ಬ್ಯಾಡ ಭಟ್ರೆ," ಅಂದಳು ನಿಖಿತಾ. "ಅನ್ಮಾನ ಇದ್ದದ್ದನ್ನ ಮಾತ್ರ ದೇವ್ರ ಹತ್ರ ಕೇಂಬುದ್."