ಉಮೇರ ಮಧ್ಯಾಹ್ನ ಎಲ್ಲಿಗೆ ಹೋಗುತ್ತಾನೆ

ಗಂಡನ ಕಿವಿಯ ಹಿಂದೆ ಬೆಳ್ಳಗೆ ಏನೋ ಹತ್ತಿತ್ತು. ಪೌಡರು! ಫರೀನ್ ಹತ್ತಿರ ಹೋಗುವಷ್ಟರಲ್ಲಿ ಉಮೇರ ಬಚ್ಚಲಿಗೆ ಹೊಕ್ಕು ಅಗಳಿ ಹಾಕಿಕೊಂಡ. ಹೊರಗೆ ಬಂದಾಗ ಮುಖ ತೊಳೆದಿದ್ದ, ಅಂಗಿಯನ್ನೂ ತಾನೇ ಹಿಂಡಿ ತಂದಿದ್ದ. ಮದುವೆಯಾಗಿ ನಾಲ್ಕು ವರ್ಷ, ಒಂದು ಕರವಸ್ತ್ರ ಹಿಂಡಿದವನಲ್ಲ.

ಇದೆಲ್ಲ ಸುರುವಾದದ್ದು ಅವನು ಲೈನ್ ಗಾಡಿ ಹತ್ತಿದ ಮೇಲೆ. ಅದಕ್ಕೂ ಮುಂಚೆ ಸವದತ್ತಿ, ಕಿತ್ತೂರು ಎಂದು ಟೆಂಪೋ ಓಡಿಸಿ, ಹೊತ್ತು ಮುಳುಗುವುದರೊಳಗೆ ಬೈಲಹೊಂಗಲಕ್ಕೆ ಬಂದು, ರೊಟ್ಟಿ ಮುರಿದವನೇ ಗೊರಕೆ ಹೊಡೆಯುತ್ತಿದ್ದ. ತೊಂಬತ್ತೇಳರ ದೀಪಾವಳಿ ಮುಗಿದ ಮೇಲೆ ಮಾಲಕರು ಅವನನ್ನು ಹಳೆಯ ಡ್ರೈವರ್ ಶಂಕರೆಪ್ಪನ ಜೋಡಿಗೆ ಹಾಕಿ, ಹತ್ತಿಯ ಲಾರಿ ಕೊಟ್ಟು ಕೊಯಮತ್ತೂರಿಗೆ ಕಳಿಸಿದರು. ಲೈನಿನ ಪದ್ಧತಿ ಗೊತ್ತಲ್ಲ. ಆರು ತಾಸು ಒಬ್ಬ ಓಡಿಸಬೇಕು, ಇನ್ನೊಬ್ಬ ಹಿಂದಿನ ಹಲಗೆಯ ಮೇಲೆ ಅಡ್ಡಾಗಬೇಕು. ಘಾಟು ಹೊಸದು, ಚೆಕ್‌ಪೋಸ್ಟು ಹೊಸದು, ತಿಳಿಯದ ಭಾಷೆಯ ಬೈಗುಳವೂ ಹೊಸದು. ಎಂಟು ದಿನಕ್ಕೊಮ್ಮೆ ಮನೆಗೆ ಬಂದಾಗ ಸ್ಟೇರಿಂಗಿನ ನಡುಕ ಇನ್ನೂ ಅವನ ಅಂಗೈಯಲ್ಲೇ ಇರುತ್ತಿತ್ತು.

ಎರಡು ದಿನ ಬಿಡುವು. ಆ ಎರಡು ರಾತ್ರಿಯೂ ಮಗ್ಗಲು ಬದಲಿಸುವುದೇ ಕೆಲಸ. ಹಲ್ಲಿ ಲೊಚಗುಟ್ಟಿದರೂ ಎದ್ದು ಕೂರುತ್ತಿದ್ದ. ಫರೀನ್ ಬಿಸಿ ಹಾಲು ಕೊಟ್ಟಳು, ನೆತ್ತಿಗೆ ಎಣ್ಣೆ ತಿಕ್ಕಿದಳು. ಅತ್ತೆ ನೂರಬಿ ದರ್ಗಾದಿಂದ ತಾಯಿತ ತಂದು ತೋಳಿಗೆ ಕಟ್ಟಿದಳು. ಯಾವುದೂ ನಾಟಲಿಲ್ಲ. ಕಡೆಗೆ ಅವನೇ ಬಾಯಿಬಿಟ್ಟ.

"ಮನ್ಯಾಗ ನನಗ ನಿದ್ದಿ ಬರೂದಿಲ್ಲ, ಫರೀನ್. ನಿನ್ನ ತಪ್ಪಲ್ಲ."

ತಪ್ಪಲ್ಲ ಎಂದದ್ದೇ ಅವಳಿಗೆ ಮುಳ್ಳಿನಂತೆ ಚುಚ್ಚಿತು.

ಅಲ್ಲಿಂದ ಮಧ್ಯಾಹ್ನದ ತಿರುಗಾಟ ಸುರುವಾಯಿತು. ಉಂಡು ಎದ್ದವನು ಹಾಡಹಗಲಿನಲ್ಲಿ ಲೈಟಿನ ಬಟನ್ ಒತ್ತಿ, ಜಂತಿಗೆ ತೂಗುವ ಬಲ್ಬನ್ನು ನೋಡುತ್ತಿದ್ದ. ಹತ್ತಿದರೆ ತಲೆ ಬಾಚಿ ಹೊರಡುತ್ತಿದ್ದ. ಹತ್ತದಿದ್ದರೆ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದ. ಹೆಂಡತಿಯ ಮುಖ ನೋಡಲಾಗದವನು ಮಾಳಿಗೆ ನೋಡುತ್ತಾನೆ ಎಂದುಕೊಂಡಳು ಫರೀನ್. ಸಂಜೆ ಮರಳಿದಾಗ ಮಾತ್ರ ಅವನ ಮುಖದಲ್ಲಿ ಮದುಮಗನ ಕಳೆ.

ದೊಡವಾಡದಿಂದ ಬಸ್ಸಿಗೆ ಬಂದು ಮೊಸರು ಮಾರುವ ಕರೆವ್ವ ಹೊತ್ತಿಗೆ ಸರಿಯಾಗಿ ಸುದ್ದಿ ತಂದಳು. ಪೇಟೆಯ ಆಚೆ ಒಂದು ಹಿತ್ತಿಲ ಬಾಗಿಲಿನಿಂದ ಉಮೇರ ಒಳಗೆ ಹೋದದ್ದನ್ನು ಎರಡು ಸಲ ಕಂಡಿದ್ದಳಂತೆ. ಬಾಗಿಲು ತೆಗೆದವಳ ಹೆಸರು ಮಾಯವ್ವ, ಗಂಡ ತೀರಿಕೊಂಡವಳಂತೆ. ಊರ ಉಸಾಬರಿ ತನಗೆ ಯಾಕೆ ಬೇಕು ಎನ್ನುತ್ತಲೇ ಕರೆವ್ವ ಇನ್ನಷ್ಟು ಉಪ್ಪು ಖಾರ ಹಚ್ಚಿ ಹೇಳಿದಳು.

ವಿಷಯ ನೂರಬಿಗೂ ಮುಟ್ಟಿತು. ಮುದುಕಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಅಳಕೋತ ಕುಂದ್ರಬ್ಯಾಡ, ಹೋಗಿ ನೋಡ್ಕೊಂಡ ಬಾ. ಖರೇ ಇದ್ರ ಅವನ ಕಿವಿ ಹಿಡಿದು ನನ್ನ ಹಂತ್ಯಾಕ ಕರಕೊಂಡ ಬಾ."

ಫರೀನಳ ಲೆಕ್ಕ ಬೇರೆ ಇತ್ತು. ಎರಡು ಸೀರೆ ಗಂಟು ಕಟ್ಟಿ ಬಗಲಿಗೆ ಇಟ್ಟುಕೊಂಡಳು. ಖರೆ ಎಂದಾದರೆ ಕಿವಿಯೂ ಬೇಡ, ಗಂಡನೂ ಬೇಡ, ಅಲ್ಲಿಂದಲೇ ರಾಮದುರ್ಗದ ಬಸ್ಸು ಹತ್ತಿ ತವರು ಸೇರುವುದು.

ದಾರಿಯುದ್ದಕ್ಕೂ ಎದೆ ಡವಗುಟ್ಟುತ್ತಿತ್ತು. ಕರೆವ್ವ ಹೇಳಿದ ಹಿತ್ತಿಲು ಸಮೀಪಿಸಿದಂತೆ ಆ ಬಡಿತ ಕಿವಿಗೇ ಏರಿತು. ಕಾಲ ಕೆಳಗಿನ ನೆಲವೂ ನಡುಗಿದ ಹಾಗಾಯಿತು.

ಬಾಗಿಲು ತೆರೆದವಳಿಗೆ ನಲವತ್ತು ದಾಟಿರಲಿಲ್ಲ. ನೆರಿಗೆ ಎತ್ತಿ ನಡುವಿಗೆ ಸಿಗಿಸಿದ್ದಳು. ಮುಖವೆಲ್ಲ ಬೆಳ್ಳಗೆ, ಹುಬ್ಬು ಸಹ. ನಡುಹಗಲಿನಲ್ಲಿ ಇಷ್ಟು ಸಿಂಗಾರವೇ ಎಂದು ಫರೀನಳ ಹೊಟ್ಟೆ ಉರಿಯಿತು. ಉಮೇರ ಇಲ್ಲಿ ಇದ್ದಾರೇನು ಎಂದು ಕೇಳಿದಳು.

"ಅದಾರ್ರಿ. ಈಗಷ್ಟ ಮಲಗ್ಯಾರ." ಮಾಯವ್ವ ಓಣಿಗೆಲ್ಲ ಕೇಳಿಸುವಂತೆ ಹೇಳಿದಳು, ನಾಚಿಕೆಯ ಸುಳಿವೂ ಇಲ್ಲದೆ. "ನೀವು ಫರೀನವ್ವ ಅಲ್ಲ? ಒಂದಿನ ಬಂದ ಬರತೀರಿ ಅಂತ ನನಗ ಗೊತ್ತಿತ್ತು. ಮನ್ಯಾಗ ತಿಳೀಬಾರದು ಅಂತ ನನ್ನ ಕಡೆ ಆಣಿ ಮಾಡಿಸ್ಯಾರ."

"ಎಷ್ಟ ದಿನಾ ಆತು?"

"ಎರಡ ತಿಂಗಳಾತು. ಮೊದಲನೇ ದಿನಾ ಅಂಜಕೋತ ಕೇಳಿದ್ರು. ನನಗೂ ಕರಳು ಚುರ್ ಅಂತು, ಇರಲಿ ಬರ್ರಿ ಅಂದ್ನಿ. ನಿಮ್ಮ ಕೈಲೆ ಆಗಲಾರದ್ದು ನನ್ನ ಕಡೆ ಐತಿ. ಅದಕ್ಕ ನೀವರೆ ಏನ್ ಮಾಡ್ತೀರಿ ಯವ್ವಾ?"

ಫರೀನ್ ಬಗಲಿನ ಗಂಟನ್ನು ಅವುಚಿಕೊಂಡು ಹೊಸ್ತಿಲು ದಾಟಿದಳು.

"ತೋರಸ್ರಿ," ಎಂದಳು.

ಮಾಯವ್ವ ಮುಂದೆ ನಡೆದು, ದಪ್ಪ ಹಲಗೆಯ ಒಳಬಾಗಿಲನ್ನು ಹೆಗಲು ಕೊಟ್ಟು ದೂಡಿದಳು.

ಸದ್ದು ಒಮ್ಮೆಲೇ ಮೈಮೇಲೆ ಬಿತ್ತು. ಮೋಟಾರಿನ ಪಟ್ಟಾ ಗಿರಗಿರ ತಿರುಗುತ್ತಿತ್ತು. ಗಾಳಿ ತುಂಬ ಹಿಟ್ಟು. ಬೀದಿ ಕಡೆಯ ಬಾಗಿಲಿನಿಂದ ಜೋಳದ ಡಬ್ಬಿ ಹಿಡಿದು ಬಂದ ಐದಾರು ಹೆಂಗಸರು ಪಾಳಿ ಹಚ್ಚಿದ್ದರು. ಗೋಡೆ, ಕಿಟಕಿ, ತಕ್ಕಡಿ ಎಲ್ಲ ಗಡಗಡ ನಡುಗುತ್ತಿದ್ದವು. ಆ ಹಿಟ್ಟಿನ ಗಿರಣಿಯ ಮೂಲೆಯಲ್ಲಿ, ಚೀಲಗಳ ಮೇಲೆ, ಉಮೇರ ತಲೆಯಿಂದ ಪಾದದವರೆಗೆ ಬೆಳ್ಳಗಾಗಿ, ಬಾಯಿ ತೆರೆದು ಮಲಗಿದ್ದ. ಹೆಂಗಸರು ಅವನ ಕಾಲು ದಾಟಿಕೊಂಡು ಓಡಾಡುತ್ತಿದ್ದರು. ಅವನಿಗೆ ಪರಿವೆ ಇರಲಿಲ್ಲ. ಅಂಥ ನಿದ್ದೆಯನ್ನು ಫರೀನ್ ಅವನ ಮುಖದ ಮೇಲೆ ಕಂಡು ತಿಂಗಳುಗಳಾಗಿದ್ದವು.

ಬಹಳ ಹೊತ್ತು ನಿಂತೇ ನೋಡಿದಳು. ಆಮೇಲೆ ಅವನ ಕಾಲ ಬಳಿಯ ಚೀಲದ ಮೇಲೆ ಕೂತು, ಮಾಯವ್ವನನ್ನು ಹತ್ತಿರ ಕರೆದು, ಅವಳ ಕಿವಿಗೆ ಬಾಯಿಟ್ಟು ಕೇಳಿದಳು.

"ಕರೆಂಟ್ ಎಷ್ಟೊತ್ತಿನ ತನಾ ಇರತೈತ್ರೀ?"

ಕೇಳಿದ್ದೇ ತಪ್ಪಾಯಿತೋ ಏನೋ. ಪಟ್ಟಾ ತೂಕಡಿಸಿ ನಿಂತಿತು. ಗಿರಣಿ ಸ್ತಬ್ಧವಾಯಿತು.

ಉಮೇರ ದಡಕ್ಕನೆ ಎದ್ದು ಕೂತ. ಕಣ್ಣು ಇನ್ನೂ ತೆರೆದಿರಲಿಲ್ಲ. "ಶಂಕರೆಪ್ಪಣ್ಣಾ, ಗಾಡಿ ಯಾಕ ನಿಂದ್ರಸಿದಿ?"